ಶನಿವಾರ ಕೊಂಡ ಓಟದ ಬೂಟು

ನಮ್ಮ ಬಿಲ್ಡಿಂಗಿಗೆ ಒಂದು ಸುತ್ತು ಹಾಕಿದರೆ ಇನ್ನೂರೈವತ್ತು ಮೀಟರ್. ನಲವತ್ತು ಸುತ್ತು ಹಾಕಿದರೆ ಹತ್ತು ಕಿಲೋಮೀಟರ್. ಘಾಟ್ಕೋಪರಿನ ನಮ್ಮ ಸೊಸೈಟಿಯ ಗೇಟಿನಿಂದ ಹೊರಡುವುದು, ಪಾರ್ಕಿಂಗ್ ದಾಟುವುದು, ನೀರಿನ ಟ್ಯಾಂಕಿನ ಹತ್ತಿರ ತಿರುಗುವುದು, ಪಾರಿವಾಳದ ಹಿಕ್ಕೆ ತುಳಿಯದ ಹಾಗೆ ಕಾಲೆತ್ತಿ ಮತ್ತೆ ಅದೇ ಗೇಟಿಗೆ ಬರುವುದು. ಗಾಣದ ಎತ್ತಿಗಾದರೂ ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ. ನನಗೆ ಅದೂ ಇರಲಿಲ್ಲ. ಪ್ರತಿ ಸುತ್ತಿಗೂ ಗೇಟು ಕಾಣುತ್ತಿತ್ತು, ಗೇಟಿನಾಚೆಯ ರಸ್ತೆಯೂ ಕಾಣುತ್ತಿತ್ತು.

ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ನಮ್ಮ ಅತ್ತೆ ಕೂತಿರುತ್ತಿದ್ದರು. ವಿಜಯಪುರದ ಕಡೆಯವರು, ಮದುವೆಯಾಗಿ ಮುಂಬಯಿಗೆ ಬಂದವರು, ಈಗ ಮನೆ ಮತ್ತು ಮಾರುತಿ ಗುಡಿ ಬಿಟ್ಟರೆ ಮತ್ತೆಲ್ಲಿಗೂ ಹೋಗದವರು. ಅವರ ಮಡಿಲಲ್ಲಿ ನಲವತ್ತು ಹುಣಸೆಬೀಜ. ನಾನು ಒಂದು ಸುತ್ತು ಮುಗಿಸಿದರೆ ಒಂದು ಬೀಜ ಎಡಗಡೆಯಿಂದ ಬಲಗಡೆಗೆ. "ಹದಿನೇಳ!" ಎಂದು ಕೂಗಿದರೆ ಮೂರನೇ ಮಹಡಿಯಲ್ಲಿ ಹಲ್ಲುಜ್ಜುವವರಿಗೂ ಕೇಳುತ್ತಿತ್ತು. ನಾಚಿಕೆಯಿಂದ ನನಗೆ ಸತ್ತಹಾಗೆ ಆಗುತ್ತಿತ್ತು.

ಇದಕ್ಕೆಲ್ಲ ಕಾರಣ ನಾನು ಒಮ್ಮೆ ಬಿದ್ದದ್ದು. ಎರಡು ವರ್ಷದ ಹಿಂದೆ ಗೋರೆಗಾಂವಿನ ಆಫೀಸಿಗೆ ಹೋಗುವಾಗ, ಅಂಧೇರಿಯಲ್ಲಿ ಮೆಟ್ರೊ ಇಳಿದು ಲೋಕಲ್ ರೈಲು ಹಿಡಿಯುವ ಗಡಿಬಿಡಿಯಲ್ಲಿ ಕಣ್ಣಿಗೆ ಕತ್ತಲೆ ಬಂದು ಪ್ಲಾಟ್‌ಫಾರ್ಮಿನ ಮೇಲೆ ಕುಸಿದುಬಿಟ್ಟೆ. ರಕ್ತ ಕಡಿಮೆ ಅಂದರು, ಗುಳಿಗೆ ಕೊಟ್ಟರು, ನಾಲ್ಕು ತಿಂಗಳಲ್ಲಿ ನೆಟ್ಟಗಾದೆ. ಡಾಕ್ಟರೇ ಓಡು ಅಂದರು. ಆದರೆ ನನ್ನ ಗಂಡನ ಎದೆಯೊಳಗೆ ನಾನು ಇನ್ನೂ ಆ ಪ್ಲಾಟ್‌ಫಾರ್ಮಿನ ಮೇಲೆಯೇ ಬಿದ್ದಿದ್ದೆ. ಅವನು ಬೈಯಲಿಲ್ಲ, ಕೂಗಾಡಲಿಲ್ಲ. "ಹೊರಗ ಓಡಬ್ಯಾಡ. ಬಿದ್ರ ಎತ್ತಾವ್ರು ಯಾರು? ಕಂಪೌಂಡಿನಾಗ ಏನ್ ಬೇಕಾದ್ದು ಮಾಡು" ಅಂದ. ನನ್ನ ಫೋನಿನಲ್ಲಿ ಲೊಕೇಶನ್ ಹಚ್ಚಿಸಿಕೊಂಡ. ಅಂದಿನಿಂದ ನಾನು ಅವನ ಫೋನಿನ ಮೇಲೆ ಓಡಾಡುವ ಒಂದು ನೀಲಿ ಚುಕ್ಕೆ. ಕೆಟ್ಟವನಾಗಿದ್ದರೆ ಜಗಳವಾಡಿ ಬಿಡಿಸಿಕೊಳ್ಳಬಹುದಿತ್ತು. ಒಳ್ಳೆಯವನ ಕೈಗೆ ಸಿಕ್ಕಿದರೆ ಏನು ಮಾಡುತ್ತೀರಿ?

ಕೊನೆಗೆ ಒಂದು ದಿನ ಚಪಾತಿ ಲಟ್ಟಿಸುತ್ತ ಲಟ್ಟಣಿಗೆಯನ್ನೇ ಕುಕ್ಕಿದೆ. "ಇನ್ನೆಷ್ಟು ದಿನ?" ಅವನೂ ರೇಗಿದ. ಹಾಗೆ ಹುಟ್ಟಿದ್ದು ಪಂಥ. ಗೋರೆಗಾಂವಿನಲ್ಲಿ ಹತ್ತು ಕಿಲೋಮೀಟರಿನ ಓಟವೊಂದಿತ್ತು, ಭಾನುವಾರ ಬೆಳಿಗ್ಗೆ. ಬೀಳದೆ, ನಿಲ್ಲದೆ ಒಂದು ತಾಸಿನೊಳಗೆ ಮುಗಿಸಿದರೆ ಅವನು ಲೊಕೇಶನ್ ತೆಗೆದುಬಿಡಬೇಕು, ನಾನು ಗೇಟಿನಾಚೆ ಎಲ್ಲಿ ಬೇಕಾದರೂ ಓಡಬಹುದು. ಆಗದಿದ್ದರೆ ಕಂಪೌಂಡೇ ಗತಿ, ಮತ್ತೆ ಆ ಮಾತು ಎತ್ತುವ ಹಾಗಿಲ್ಲ. ಅತ್ತೆ ಸಾಕ್ಷಿ.

ಕಂಪೌಂಡಿನ ನಲವತ್ತು ಸುತ್ತಿಗೆ ನನಗೆ ಅರವತ್ತೊಂದೂವರೆ ನಿಮಿಷ ಹಿಡಿಯುತ್ತಿತ್ತು. ಎಷ್ಟು ಬಡಿದುಕೊಂಡರೂ ಅಷ್ಟೇ. ಕಾಲಲ್ಲಿದ್ದದ್ದು ಗಂಡ ತಂದುಕೊಟ್ಟ ವಾಕಿಂಗ್ ಬೂಟು. ಹಿಮ್ಮಡಿ ದಪ್ಪ, ಬಣ್ಣ ಬೂದಿ, ಒಂದೊಂದೂ ಒಂದು ಹಿಡಿಗಲ್ಲಿನ ಭಾರ. ಆಫೀಸಿನಲ್ಲಿ ಓಡುವ ಹುಡುಗಿಯೊಬ್ಬಳು ಅದನ್ನು ನೋಡಿ, "ಆಂಟಿ, ಇದರಲ್ಲಿ ಬ್ಯಾಂಕಿಗೆ ಹೋಗಬಹುದು, ರೇಸಿಗಲ್ಲ" ಅಂದಳು. ಆಂಟಿ ಅಂದದ್ದಕ್ಕೆ ಸಿಟ್ಟು ಬಂತು, ಆದರೆ ಮಾತು ಖರೆ ಇತ್ತು.

ಬೂಟು ಕೊಳ್ಳಲು ನನಗೆ ಬಿಡುವಿದ್ದದ್ದು ಶನಿವಾರ ಒಂದೇ. ಅವತ್ತು ಅರ್ಧ ದಿನ ಆಫೀಸು. ಉಳಿದ ದಿನ ಏಳೂವರೆಗೆ ಮನೆ ಸೇರದಿದ್ದರೆ ನೀಲಿ ಚುಕ್ಕೆಗೆ ಫೋನು ಬರುತ್ತಿತ್ತು. ಭಾನುವಾರವಾದರೆ ಗಂಡ ಜೊತೆಗೇ ಬಂದು ಇನ್ನೊಂದು ವಾಕಿಂಗ್ ಬೂಟೇ ಕೊಡಿಸಿಯಾನು. ಆದರೆ ಶನಿವಾರ ಚಪ್ಪಲಿ ಕೊಳ್ಳಬಾರದು ಅಂತ ನಮ್ಮಲ್ಲಿ ಕೂಸಿಗೂ ಗೊತ್ತು. ಕೊಂಡರೆ ಶನಿಯನ್ನು ಕಾಲಿಗೆ ಕಟ್ಟಿಕೊಂಡು ಬಂದ ಹಾಗೆ. ನಾನು ಇದನ್ನೆಲ್ಲ ನಂಬುವವಳಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಓಟಕ್ಕೆ ಮೂರು ವಾರ ಮೊದಲೇ ಒಂದು ಶನಿವಾರ ಮಲಾಡಿಗೆ ಹೋದೆ.

ಅಂಗಡಿಯವನು ಓಟ ತಿಳಿದವನು. ಹಿಂದಿಯಲ್ಲಿ ಮೊದಲು ಕೇಳಿದ್ದೇ, "ದಿನಾ ಓಡೋದಕ್ಕಾ, ಜೋರಾಗಿ ಓಡೋದಕ್ಕಾ?" ಜೋರಾಗಿ ಅಂದೆ. ಮೂರು ಜೋಡಿ ತಂದಿಟ್ಟ. ಮೊದಲನೆಯದರ ಅಡಿಯಲ್ಲಿ ಗಟ್ಟಿ ಪಟ್ಟಿ. ಹಾಕಿದರೆ ಯಾರೋ ಹಿಂದಿನಿಂದ ದಬ್ಬಿದ ಹಾಗೆ ಆಗಿ, ತಿರುಗುವಾಗ ಕಾಲು ಹೊರಳಿತು. ಹೊರಳಿ ಬಿದ್ದರೆ ಪಂಥ ಅಲ್ಲಿಗೇ ಮುಗಿಯಿತು. ಎರಡನೆಯದು ತೀರ ತೆಳು, ರಸ್ತೆಯ ಹರಳೆಲ್ಲ ಎಣಿಸಬಹುದು. ಮೂರನೆಯದನ್ನು ಕೈಯಲ್ಲಿ ಹಿಡಿದಾಗ ಡಬ್ಬಿಯೊಳಗೆ ಏನಾದರೂ ಬಿಟ್ಟೆನೇನೋ ಅಂತ ತಿರುಗಿ ನೋಡಿದೆ, ಅಷ್ಟು ಹಗುರ. ಗಿಳಿ ಹಸಿರು ಬಣ್ಣ. ಹಿಮ್ಮಡಿ ಅಲುಗಾಡಲಿಲ್ಲ, ಬೆರಳಿನ ಮುಂದೆ ಹೆಬ್ಬೆಟ್ಟಿನಷ್ಟು ಜಾಗ. ಸಂಜೆ ಕಾಲು ಬಾತಿರುವಾಗ ಸರಿಯಾದದ್ದೇ ಸರಿ ಅಂದ ಅವನು. ಟ್ರೆಡ್‌ಮಿಲ್ ಮೇಲೆ ಓಡಿ ನೋಡಿ ಅಂದ. ಆಫೀಸಿನ ಕುರ್ತಾದಲ್ಲೇ, ಎದುರಿನ ಗೋಡೆ ನೋಡುತ್ತ ಓಡಿದೆ. ಎರಡು ನಿಮಿಷ ಆಯಿತು, ನಾಲ್ಕಾಯಿತು. ಯಾರೂ ಎಣಿಸಲಿಲ್ಲ, ಯಾರೂ ಸಾಕು ಅನ್ನಲಿಲ್ಲ. ಅಯ್ಯ ನನ್ನವ್ವ, ಎಷ್ಟು ಖುಷಿಯಾಯಿತು ಅಂದರೆ ಅಂಗಡಿಯಲ್ಲೇ ಕಣ್ಣು ಒದ್ದೆಯಾಯಿತು.

"ಇದನ್ನ ದಿನಾ ಹಾಕಬೇಡಿ," ಅಂದ ಅಂಗಡಿಯವನು. "ವಾರಕ್ಕೆರಡು ಸಲ ಜೋರಿನ ಓಟಕ್ಕೆ ಮಾತ್ರ. ಮತ್ತೆ, ರೇಸಿನ ದಿನ ಹೊಸ ಬೂಟು ಯಾವತ್ತೂ ಹಾಕಬೇಡಿ. ಕಾಲಿಗೆ ಪರಿಚಯ ಆಗಿರಬೇಕು."

ಬೂಟನ್ನು ಅವತ್ತು ಮನೆಗೆ ಒಯ್ಯಲಿಲ್ಲ. ಆಫೀಸಿನ ಡ್ರಾಯರಿನಲ್ಲಿಟ್ಟು, ಸೋಮವಾರ ತಂದು "ಇವತ್ತ ತಗೊಂಡೆ" ಅಂದೆ. ಅತ್ತೆ ಡಬ್ಬಿ ತೆರೆದು, ಬೆರಳಿನಿಂದ ಒತ್ತಿ ನೋಡಿ, "ಹಗುರ ಅದಾವ" ಅಂದರು. ಅಷ್ಟೇ.

ಮೂರು ವಾರ ಆ ಬೂಟಿನಲ್ಲಿ ಓಡಿದೆ. ಮೊದಲ ವಾರ ಮೀನಖಂಡ ಹಿಡಿದುಕೊಂಡಿತು. ಎರಡನೆಯ ವಾರ ಅರವತ್ತು ನಿಮಿಷ ಹತ್ತು ಸೆಕೆಂಡು. ಕೊನೆಯ ಬುಧವಾರ ಅತ್ತೆ "ನಲವತ್ತ!" ಎಂದು ಕೂಗಿದಾಗ ಗಡಿಯಾರ ನೋಡಿದರೆ ಐವತ್ತೊಂಬತ್ತು ನಿಮಿಷ ಐದು ಸೆಕೆಂಡು. ಅತ್ತೆ ಬೀಜಗಳನ್ನೆಲ್ಲ ಮಡಿಲಿನಿಂದ ಕೊಡವಿ ಎದ್ದು ನಿಂತರು. "ಭೇಷ್!" ಅಂದರು. ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಗೇಟಿನಾಚೆ ನೋಡಿದೆ. ಯಾವ ರಸ್ತೆಯಲ್ಲಿ ಮೊದಲು ಓಡಲಿ ಅಂತ ಆಗಲೇ ಲೆಕ್ಕ ಹಾಕಿಬಿಟ್ಟೆ.

ಓಟದ ಹಿಂದಿನ ದಿನ ಶನಿವಾರ. ಮೂರು ಗಂಟೆಗೆ ಮನೆಗೆ ಬಂದೆ. ಪೇಪರು ಹಾಸಿ ಇಟ್ಟಿದ್ದ ಜಾಗದಲ್ಲಿ ಬೂಟು ಇಲ್ಲ. ಸೋಫಾದ ಕೆಳಗಿಲ್ಲ, ಬಾಲ್ಕನಿಯಲ್ಲಿಲ್ಲ. ಅಷ್ಟರಲ್ಲಿ ಅತ್ತೆ ಗುಡಿಯಿಂದ ಬಂದರು, ಹಣೆಗೆ ಸಿಂಧೂರ, ಕೈಯಲ್ಲಿ ಖಾಲಿ ಚೀಲ, ಮುಖದಲ್ಲಿ ಭಾರಿ ಸಮಾಧಾನ.

"ಅತ್ತಿ, ನನ್ನ ಬೂಟ?"

"ಶನಿದೇವರ ಮುಂದ ಬಿಟ್ಟು ಬಂದೆ."

ನನಗೆ ಅರ್ಥವೇ ಆಗಲಿಲ್ಲ. ಮಾರುತಿ ಗುಡಿಯ ಪಕ್ಕದಲ್ಲಿ ಶನಿಯ ಕಲ್ಲಿದೆ. ಶನಿವಾರ ಎಣ್ಣೆ ಎರೆದು, ಕಾಲಲ್ಲಿದ್ದ ಹಳೆಯ ಚಪ್ಪಲಿಯನ್ನು ಅಲ್ಲೇ ಬಿಟ್ಟು, ಹಿಂದೆ ನೋಡದೆ ಬಂದರೆ ಹತ್ತಿದ ಪೀಡೆ ಚಪ್ಪಲಿಯ ಜೊತೆಗೇ ಹೋಗುತ್ತದೆ. ಆದರೆ ಹರಿದದ್ದನ್ನು ಬಿಡುತ್ತಾರೆ, ಸವೆದದ್ದನ್ನು ಬಿಡುತ್ತಾರೆ!

"ನೀ ಸೋಮವಾರ ತಗೊಂಡಿಲ್ಲ," ಅಂದರು ಅತ್ತೆ, ಮೆತ್ತಗೆ. "ಆ ಶನಿವಾರ ನಿನ್ನ ಚುಕ್ಕಿ ಮಲಾಡಿನಾಗ ಇತ್ತಂತ, ನನ್ನ ಮಗ ಹೇಳಿದ. ಶನಿವಾರದ ಬೂಟು ಹಾಕ್ಕೊಂಡು ಓಡಿದ್ರ ಮತ್ತ ಬೀಳ್ತಿ. ಹಳೇದು ಬಿಟ್ರ ಸಣ್ಣ ಪೀಡಾ ಹೋಗ್ತದ. ಜೀವಕ್ಕ ಹಚ್ಚಿಕೊಂಡಿದ್ದು ಬಿಟ್ರ ದೊಡ್ಡದು ಹೋಗ್ತದ. ಇನ್ನ ನಿನಗ ಚಿಂತಿಲ್ಲ. ನಾಳೆ ನೀ ಗೆಲ್ತಿ."

ನಾನು ಗೆಲ್ಲಲಿ ಅಂತ ಮಾಡಿದ್ದು! ಮೈಯೆಲ್ಲ ಉರಿದುಹೋಯಿತು. ಏನೇನೋ ಅಂದೆ. "ನಿಮ್ಮ ಶನಿಗಿಂತ ನೀವೇ ದೊಡ್ಡ ಪೀಡಾ ಆಗೀರಿ ನನಗ" ಅಂದದ್ದು ನೆನಪಿದೆ, ಮರೆಯಬೇಕೆಂದರೂ ಹೋಗುವುದಿಲ್ಲ. ಅತ್ತೆ ಖಾಲಿ ಚೀಲವನ್ನು ಮಡಚುತ್ತ ನಿಂತರು. ಹೊಸ ಜೋಡಿ ತರೋಣವೆಂದರೆ ಪರಿಚಯವಿಲ್ಲದ ಬೂಟು. ನಾನು ಗುಡಿಗೆ ಓಡಿದೆ.

ಬೂಟು ಅಲ್ಲೇ ಇತ್ತು. ಹರಿದ ಹವಾಯಿ, ಬಾರು ಕಿತ್ತ ಸ್ಯಾಂಡಲ್‌ಗಳ ರಾಶಿಯ ಮೇಲೆ, ಗಿಳಿ ಹಸಿರು, ಜೋಡಿಯಾಗಿ, ಒಪ್ಪವಾಗಿ ಇಟ್ಟಿದ್ದರು. ಲೇಸನ್ನೂ ಕಟ್ಟಿದ್ದರು. ಬಗ್ಗಿದರೆ ಕೈಗೆ ಸಿಗುವಷ್ಟು ಹತ್ತಿರ. ಬಗ್ಗಿದೆ. ಯಾರೋ ಬಿಟ್ಟ ಪೀಡೆಯನ್ನು ಎತ್ತಿಕೊಂಡರೆ ಎರಡರಷ್ಟಾಗಿ ಬರುತ್ತದೆ ಅಂತ ಸಣ್ಣವಳಿದ್ದಾಗ ನಮ್ಮಮ್ಮ ಹೇಳಿದ್ದು ಎಲ್ಲಿತ್ತೋ, ಆಗಲೇ ಎದ್ದು ಬಂತು. ಅಂಧೇರಿಯ ಪ್ಲಾಟ್‌ಫಾರ್ಮು ನೆನಪಾಯಿತು. ಕಿವಿಯಲ್ಲಿ ಗುಂಯ್ ಅಂದದ್ದು, ಮುಖದ ಹತ್ತಿರ ಯಾರದೋ ಚಪ್ಪಲಿ. ಎತ್ತಿಕೊಳ್ಳೇ, ಎತ್ತಿಕೊಳ್ಳೇ ಅಂತ ನನ್ನನ್ನು ನಾನೇ ಬೈದುಕೊಂಡೆ. ಕೈ ಮುಂದೆ ಹೋಗಲಿಲ್ಲ. ಹತ್ತಿರ ಕೂತ ಹೂವಿನವಳು ನೋಡುತ್ತಿದ್ದಳು. ಬಹಳ ಹೊತ್ತು ನಿಂತು, ಬರಿಗೈಯಲ್ಲಿ ಬಂದುಬಿಟ್ಟೆ. ಹಿಂದೆ ನೋಡಲಿಲ್ಲ. ನಂಬದವಳು ನಾನು, ಹಿಂದೆಯೂ ನೋಡಲಿಲ್ಲ.

ಭಾನುವಾರ ಬೂದಿ ಬಣ್ಣದ ಬೂಟಿನಲ್ಲೇ ಓಡಿದೆ. ಏಳು ಕಿಲೋಮೀಟರಿನ ತನಕ ಸರಿ ಇತ್ತು. ಆಮೇಲೆ ಕಾಲು ನನ್ನದಲ್ಲ, ಯಾರದೋ ಸಾಮಾನು ಹೊತ್ತು ಓಡಿದ ಹಾಗೆ. ಗಂಡ ಕೊನೆಯ ಗೆರೆಯ ಹತ್ತಿರ ಬಾಳೆಹಣ್ಣು ಹಿಡಿದು ನಿಂತಿದ್ದ. ಗೆರೆ ದಾಟಿದೆ. ಅರವತ್ತು ನಿಮಿಷ ನಲವತ್ತು ಸೆಕೆಂಡು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. "ಭಾಳ ಚಲೋ ಓಡಿದಿ," ಅಂದ ಅವನು, ನಿಜವಾಗಿ ಹೆಮ್ಮೆಯಿಂದಲೇ, ಮತ್ತೆ ನನ್ನ ಬೆನ್ನ ಮೇಲೆ ಕೈಯಿಟ್ಟು, "ಆದ್ರ ಪಂಥ ಪಂಥನ" ಅಂದ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಇದ್ದರು. ಎಷ್ಟು ನಿಮಿಷ ಅಂತ ಕೇಳಲಿಲ್ಲ. ನನ್ನ ಮೊಣಕಾಲು, ಮೊಣಕೈ, ಹಣೆ ಎಲ್ಲ ಮುಟ್ಟಿ ನೋಡಿದರು. "ಬಿದ್ದಿಲ್ಲಲ್ಲ?"

"ಇಲ್ಲ."

"ನೋಡಿದ್ಯಾ?" ಅಂದರು, ಕಣ್ಣಲ್ಲಿ ನೀರು. "ಪೀಡಾ ಹೋತು."

ನಿನ್ನೆ ಅಂದ ಮಾತಿಗೆ ತಪ್ಪಾಯಿತು ಅನ್ನಬೇಕೆಂದುಕೊಂಡೆ. ಅನ್ನದೆ ಬಗ್ಗಿ ಬೂಟಿನ ಲೇಸು ಬಿಚ್ಚಿದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಮುಂದಿನ ಶನಿವಾರ ಆಫೀಸಿನಿಂದ ಬರುತ್ತ ಗುಡಿಯ ಹತ್ತಿರ ನಿಂತೆ. ರಾಶಿ ಇತ್ತು, ಬೂಟಿರಲಿಲ್ಲ. ಹೂವಿನವಳು ನನ್ನ ಗುರುತು ಹಿಡಿದಳು. ಅವತ್ತೇ ಹೋಯಿತು ಅಂದಳು. ನಾನು ಆ ಕಡೆ ಹೋಗಿದ್ದೇ ತಡ, ಮನೆಗೆಲಸಕ್ಕೆ ಹೋಗುವ ಒಬ್ಬ ಹೆಂಗಸು ಬಂದಳಂತೆ. ಶನಿ-ಗಿನಿ ಏನೂ ನೋಡಲಿಲ್ಲವಂತೆ. ತನ್ನ ಹರಿದ ಚಪ್ಪಲಿ ಅಲ್ಲಿ ಬಿಟ್ಟು, ಹಸಿರು ಬೂಟು ಮೆಟ್ಟಿ, ಹೊರಟ ಬಸ್ಸಿನ ಹಿಂದೆ ಸೀರೆ ಎತ್ತಿಕೊಂಡು ಓಡಿದಳಂತೆ.

"ಬಸ್ ಸಿಕ್ಕಿತಾ?" ಅಂದೆ.

"ಸಿಗದೆ ಏನು! ಕುದುರೆಯ ಹಾಗೆ ಓಡಿದಳು."

ಮರುದಿನ ಬೆಳಿಗ್ಗೆ ಬೂದಿ ಬೂಟು ಕಟ್ಟಿಕೊಂಡು ಕೆಳಗಿಳಿದೆ. ಅತ್ತೆ ಬೆಂಚಿನ ಮೇಲೆ ಕೂತು ಮಡಿಲಲ್ಲಿ ಬೀಜ ಹರವಿಕೊಂಡಿದ್ದರು. ಗೇಟು ತೆರೆದೇ ಇತ್ತು, ಹಾಲಿನವನು ಒಳಗೆ ಬರುತ್ತಿದ್ದ. ನಾನು ಅವನಿಗೆ ದಾರಿ ಬಿಟ್ಟು, ಪಾರ್ಕಿಂಗಿನ ಕಡೆ ತಿರುಗಿ ಓಡತೊಡಗಿದೆ.

ಟ್ಯಾಂಕು ಸುತ್ತಿ ಬಂದಾಗ ಅತ್ತೆ ಕೂಗಿದರು, "ಒಂದ!"