ಗೆರೆ ಯಾಕೆ ಇಳಿಯಿತು

ಕೋಲ್ಡ್ ಸ್ಟೋರೇಜಿನ ಯಂತ್ರದ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ದುಡಿದು ಈ ವರ್ಷ ತೀರಿಕೊಂಡ ಥಂಡಿಯಣ್ಣನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಯಂತ್ರಗಳ ಜೊತೆ ಬಂದ ದಪ್ಪ ಪುಸ್ತಕಗಳನ್ನು ಓದಿಕೊಂಡು, ದೂರದ ಕಂಪನಿಯವರೊಡನೆ ಫೋನಿನಲ್ಲಿ ಜಗಳವಾಡಿ ಬಿಡಿಭಾಗ ತರಿಸಿಕೊಳ್ಳುವಷ್ಟು ಬರುತ್ತಿತ್ತು. ಅವನಿಗೆ ಬಾರದಿದ್ದದ್ದು ಒಂದೇ. ಒಂದು ಗೆರೆ ಇಳಿದದ್ದನ್ನು ಕಂಡು, ಇಳಿದಿದೆ ಎಂದಷ್ಟೇ ಬರೆದು ಸುಮ್ಮನಾಗುವುದು.

ಅದು ಕೆಲಸ ಕಲಿಸಿದ ಚಟ. ಔಷಧಿ, ಲಸಿಕೆ ಇಡುವ ಆರು ಕೋಣೆಗಳಿಗೂ ಗೋಡೆಯ ಮೇಲೆ ಒಂದೊಂದು ಡಬ್ಬಿ. ಒಳಗೆ ತಟ್ಟೆಯಷ್ಟಗಲದ ದುಂಡು ಕಾಗದ ವಾರಕ್ಕೊಂದು ಸುತ್ತು ತಿರುಗುತ್ತದೆ. ಶಾಯಿಯ ಮುಳ್ಳು ಅದರ ಮೇಲೆ ಕೋಣೆಯ ಉಷ್ಣತೆಯ ಗೆರೆ ಎಳೆಯುತ್ತ ಹೋಗುತ್ತದೆ. ಗೆರೆ ಅರ್ಧ ಡಿಗ್ರಿ ಅತ್ತಿತ್ತಾದರೂ ಪಕ್ಕದಲ್ಲಿ ಕಾರಣ ಬರೆದು ಸಹಿ ಹಾಕಬೇಕು. ‘ಕರೆಂಟ್ ಹೋಗಿತ್ತು, ಒಂಬತ್ತು ನಿಮಿಷ.’ ‘ಬಾಗಿಲಿನ ರಬ್ಬರ್ ಹರಿದಿದೆ.’ ಒಮ್ಮೆ ಮೂರನೇ ಕೋಣೆಯ ಗೆರೆ ದಿನವೂ ಮಧ್ಯಾಹ್ನ ಎರಡಕ್ಕೆ ಸಣ್ಣಗೆ ಉಬ್ಬತೊಡಗಿತು. ಇವನು ಐದು ದಿನ ಹೊಂಚು ಹಾಕಿ ಹಿಡಿದ. ಹೊಸದಾಗಿ ಮದುವೆ ಗೊತ್ತಾಗಿದ್ದ ಲೋಡರ್, ಒಳಗೆ ಸಿಗ್ನಲ್ ಸಿಗುವುದಿಲ್ಲವೆಂದು ಬಾಗಿಲಿಗೆ ಪೆಟ್ಟಿಗೆ ಅಡ್ಡ ಕೊಟ್ಟು, ಹೊಸ್ತಿಲಲ್ಲಿ ನಿಂತು ಹುಡುಗಿಯ ಜೊತೆ ಮಾತಾಡುತ್ತಿದ್ದ. ಥಂಡಿಯಣ್ಣ ಬೈಯಲಿಲ್ಲ. ಕಾಗದದ ಮೇಲೆ ‘ಕಾರಣ: ಪ್ರೀತಿ, ಹದಿನೈದು ನಿಮಿಷ’ ಎಂದು ಬರೆದು ಸಹಿ ಹಾಕಿದ. ಮ್ಯಾನೇಜರ್ ಅದರ ಕೆಳಗೂ ಸಹಿ ಹಾಕಿದ. ಹತ್ತೊಂಬತ್ತು ವರ್ಷದಲ್ಲಿ ಆ ಕಾರಣಗಳನ್ನು ಒಬ್ಬನೂ ಓದಿರಲಿಲ್ಲ.

ಹೆಂಡತಿ ನಾಲ್ಕು ವರ್ಷದ ಹಿಂದೆ ಪರದೇಶಕ್ಕೆ ಹೋಗಿದ್ದಳು, ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ. ಮರುವರ್ಷ ಮಗಳನ್ನು ಕರೆಸಿಕೊಂಡಳು. ಗಂಡ ಬರಬೇಕಾದರೆ ಅವನದೇ ಕೆಲಸ ಬೇಕು, ಇಂಗ್ಲಿಷ್ ಪರೀಕ್ಷೆಯಲ್ಲಿ ಅವನದೇ ಅಂಕ ಬೇಕು ಎಂದು ಅಲ್ಲಿನ ಕಾನೂನು. ಕೆಲಸ ಸಿಕ್ಕಿತು; ಅವಳಿರುವ ಊರಿನ ಶೈತ್ಯಾಗಾರವೊಂದು ಇವನಿಗಾಗಿ ಒಂದು ವರ್ಷ ಜಾಗ ಕಾಯ್ದಿಡಲು ಒಪ್ಪಿತು. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕರಲ್ಲೂ ಒಂದೇ ಸಲಕ್ಕೆ ಆರು ಅಂಕ ಬರಬೇಕು. ಅಷ್ಟು ಬಂದರೆ ಮೂವರೂ ಒಂದು ಮನೆಯಲ್ಲಿರಬಹುದು.

ಮೊದಲ ಸಲ ಬರವಣಿಗೆಯಲ್ಲಿ ಐದು ಬಂತು. ಉಳಿದ ಮೂರೂ ಆರರ ಮೇಲೆ. ಕೋಚಿಂಗ್ ಮೇಡಂ, ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಏನು ಬರೆದಿರಿ ಎಂದು ಅವನಿಂದಲೇ ಮತ್ತೊಮ್ಮೆ ಬರೆಯಿಸಿದಳು. ಕೊಟ್ಟ ಗ್ರಾಫನ್ನು ನೋಡಿ ವರ್ಣಿಸುವ ಪ್ರಶ್ನೆ ಅದು. ಯಾವುದೋ ನಗರದಲ್ಲಿ ಇಪ್ಪತ್ತು ವರ್ಷ ಎಷ್ಟು ಜನ ಬಸ್ಸು ಹತ್ತಿದರು, ಎಷ್ಟು ಜನ ಸೈಕಲ್ ತುಳಿದರು ಎಂಬ ಎರಡು ಗೆರೆ. ಎಂಟನೇ ವರ್ಷ ಬಸ್ಸಿನ ಗೆರೆ ಧೊಪ್ಪನೆ ಬಿದ್ದಿತ್ತು. ಥಂಡಿಯಣ್ಣ ಹನ್ನೊಂದು ಸಾಲು ಆ ಬೀಳುವಿಕೆಗೇ ಖರ್ಚು ಮಾಡಿದ್ದ. ಚಾಲಕರ ಮುಷ್ಕರವಿರಬಹುದು, ಸೇತುವೆ ಕುಸಿದಿರಬಹುದು, ಆ ವರ್ಷದ ಕಡತ ತೆಗೆಸಿ ನೋಡುವುದು ಒಳ್ಳೆಯದು.

ಮೇಡಂ ನಗು ತಡೆದುಕೊಂಡಳು. “ಅಲ್ಲಾ ಅಣ್ಣಾ, ಬಸ್ಸಿಗೆ ಜನ ಯಾಕೆ ಕಮ್ಮಿ ಆದ್ರು ಅಂತ ನಿಮ್ಮನ್ನ ಕೇಳಿದೋರು ಯಾರು?”

“ಯಾರೂ ಕೇಳಿಲ್ಲ. ಆದ್ರೆ ಗೆರೆ ಹಂಗೆ ಬಿದ್ದಿದೆ ಅಂದ್ಮೇಲೆ ಏನೋ ಆಗಿದೆ ಮೇಡಂ.”

“ಆಗ್ಲಿ ಬಿಡಿ. ನಿಮ್ಮಪ್ಪನ ಮನೆ ಬಸ್ಸಾ ಅದು? ಏರಿತು, ಇಳೀತು, ಸಮ ಇತ್ತು. ಕಣ್ಣಿಗೆ ಕಂಡಿದ್ದಷ್ಟೇ ಬರೀಬೇಕು. ಕಾರಣ ಬರೆದ್ರೆ ಅಂಕ ಹೋಗುತ್ತೆ.”

“ಕಾರಣ ಬರೀದೇ ಇದ್ರೆ ನಮ್ಮಲ್ಲಿ ಕೆಲಸ ಹೋಗುತ್ತೆ,” ಎಂದ ಅವನು.

ಎರಡನೇ ಸಲ ಹಲ್ಲು ಕಚ್ಚಿ ಕೊನೆಯ ಸಾಲಿನವರೆಗೂ ತಡೆದುಕೊಂಡ. ಕೊನೆಯ ಸಾಲಿನಲ್ಲಿ ಕೈ ಕೇಳಲಿಲ್ಲ. ‘ಬಹುಶಃ ಆ ವರ್ಷ ಮಳೆ ಬಂದಿರಲಿಲ್ಲ’ ಎಂದು ಬರೆದೇಬಿಟ್ಟ. ಐದೂವರೆ.

ಜಾಗ ಕಾಯ್ದಿಟ್ಟ ವರ್ಷ ಮುಗಿಯಲು ಮೂರು ತಿಂಗಳಿತ್ತು. ಇನ್ನೊಂದೇ ಸಲ ಕೂರಬಹುದು. ಥಂಡಿಯಣ್ಣ ಆ ಚಟವನ್ನೇ ಬಿಡಲು ನಿಂತ, ಜನ ಬೀಡಿ ಬಿಡುವ ಹಾಗೆ. ಪತ್ರಿಕೆಗಳಿಂದ ಗ್ರಾಫುಗಳನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ. ಒಲೆಯ ಮುಂದೆ ನಿಂತು ‘ಸ್ವಲ್ಪ ಏರಿತು, ತೀವ್ರವಾಗಿ ಇಳಿಯಿತು’ ಎಂದು ಇಂಗ್ಲಿಷಿನಲ್ಲಿ ಗೊಣಗುತ್ತ ಅನ್ನಕ್ಕಿಡುತ್ತಿದ್ದ. ಅಂಗಡಿಯವನು ಚಿಲ್ಲರೆ ಕಮ್ಮಿ ಕೊಟ್ಟರೆ ಯಾಕೆ ಎನ್ನುತ್ತಿರಲಿಲ್ಲ. ಮಗಳು ಫೋನಿನಲ್ಲಿ, “ಇವತ್ತು ಸ್ಕೂಲಿಗೆ ಹೋಗ್ಲಿಲ್ಲ ಅಪ್ಪ,” ಎಂದಾಗ, “ಹೂಂ, ಹೋದ ವಾರಾನೂ ಒಂದಿನ ಹೋಗಿರ್ಲಿಲ್ಲ,” ಎಂದ. ಅವಳು ಸ್ವಲ್ಪ ಹೊತ್ತು ಕಾದು ಫೋನಿಟ್ಟಳು.

ಕೆಲಸದಲ್ಲೂ ಶುರುವಾಯಿತು. ಜೊತೆಯ ಫಿಟ್ಟರ್ ಐದನೇ ಕೋಣೆಯ ಕಾಗದ ತೆಗೆದು ನೋಡಿ ಬೆರಗಾದ. “ಏನಣ್ಣಾ ಇದು, ಇಷ್ಟು ದೊಡ್ಡ ಗುಡ್ಡ ಎದ್ದಿದೆ, ಪಕ್ಕದಲ್ಲಿ ಒಂದಕ್ಷರ ಇಲ್ಲ?”

“ಏರಿದೆ, ಇಳಿದಿದೆ. ಕಾಣ್ತಿದೆಯಲ್ಲ.”

“ನಿನಗೆ ಹುಷಾರಿಲ್ವಾ?”

“ಆರು ಅಂಕ ಬರ್ಲಿ, ಎಲ್ಲ ಹುಷಾರಾಗುತ್ತೆ.”

ಆ ವಾರವೂ ಮ್ಯಾನೇಜರ್ ಸಹಿ ಹಾಕಿದ.

ಮೂರನೇ ಸಲ ಬರವಣಿಗೆ ನೀರು ಕುಡಿದಷ್ಟು ಸಲೀಸಾಯಿತು. ನಾಲ್ಕು ದೇಶಗಳಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ. ಒಂದು ಗೆರೆ ಪಾತಾಳಕ್ಕಿಳಿದಿತ್ತು. ಥಂಡಿಯಣ್ಣ ಅದು ಎಲ್ಲಿಂದ ಎಲ್ಲಿಗೆ ಇಳಿಯಿತೆಂದು ಬರೆದು ಪೆನ್ನು ಕೆಳಗಿಟ್ಟ. ಮಧ್ಯಾಹ್ನ ಮಾತಿನ ಪರೀಕ್ಷೆ. ಅದಕ್ಕೆ ಅವನು ತಯಾರಿಯನ್ನೇ ಮಾಡಿರಲಿಲ್ಲ, ಎರಡು ಸಲವೂ ಆರೂವರೆ ಬಂದಿತ್ತು. ಸಣ್ಣ ಕೋಣೆ, ಮೇಜಿನ ಮೇಲೆ ಧ್ವನಿ ಹಿಡಿಯುವ ಯಂತ್ರ, ಎದುರಿಗೆ ನರೆಗೂದಲಿನ ಹೆಂಗಸು. ನೀವಿರುವ ಮನೆ ನಿಮಗಿಷ್ಟವೇ ಎಂದು ಆಕೆ ಕೇಳಿದಳು.

“ಇಷ್ಟ. ಎರಡು ಕೋಣೆ. ಎರಡು ಕಿಟಕಿ.”

“ಯಾಕೆ ಇಷ್ಟ?”

“ಒಂದು ಕಿಟಕಿ ರಸ್ತೆ ಕಡೆಗಿದೆ.”

ನೀವು ದಿನವೂ ನೆನೆಯುವ ಒಬ್ಬರ ಬಗ್ಗೆ ಎರಡು ನಿಮಿಷ ಮಾತಾಡಿ ಎಂದಳು. ಅವನು ಹೆಂಡತಿಯ ಬಗ್ಗೆ ಹೇಳಿದ. ಹೋಗಿ ನಾಲ್ಕು ವರ್ಷ. ಮೊದಲ ವರ್ಷ ದಿನಕ್ಕೆರಡು ಸಲ ಫೋನು. ಎರಡನೇ ವರ್ಷ ಒಂದು ಸಲ. ಈಗ ವಾರಕ್ಕೆ ಮೂರು. ಅರ್ಧ ನಿಮಿಷದಲ್ಲಿ ಮುಗಿಯಿತು.

“ಯಾಕೆ ಕಡಿಮೆಯಾಯಿತು ಅನ್ನಿಸುತ್ತೆ ನಿಮಗೆ?” ಹೆಂಗಸು ಮೆಲ್ಲಗೆ ಕೇಳಿದಳು. ಅವಳ ಕೆಲಸವೇ ಅದು, ಮಾತಾಡಿಸುವುದು.

ಅವನಿಗೆ ಗೊತ್ತಿತ್ತು. ಒಂದಲ್ಲ, ಹತ್ತು ಕಾರಣ ಗೊತ್ತಿತ್ತು. ಹಿಂದಿನ ಥಂಡಿಯಣ್ಣನಾಗಿದ್ದರೆ ಅವಳು ಸಾಕಪ್ಪಾ ಎನ್ನುವವರೆಗೂ ಹೇಳುತ್ತಿದ್ದ. ಮೂರು ತಿಂಗಳಿಂದ ಒಂದೊಂದು ಕಾರಣ ನಾಲಿಗೆಗೆ ಬಂದಾಗಲೂ ಅಂಕ ಹೋಗುತ್ತದೆಂದು ನುಂಗಿದ್ದವನು, ಅಲ್ಲೂ ನುಂಗಿದ.

“ನಿಧಾನವಾಗಿ ಕಡಿಮೆಯಾಗಿದೆ,” ಎಂದ.

ಬರವಣಿಗೆ ಆರು. ಮಾತು ಐದೂವರೆ. ಮುಂದಿನ ಪರೀಕ್ಷೆಯ ದಿನ ಬರುವಷ್ಟರಲ್ಲಿ ಆ ಜಾಗ ಇನ್ನೊಬ್ಬನದಾಗಿರುತ್ತದೆ.

ಹೆಂಡತಿ ಮೊದಲು ನಂಬಲೇ ಇಲ್ಲ. “ಮಾತಲ್ಲಿ ಹೋಯ್ತಾ? ನಿಮಗಾ? ಉಪ್ಪು ತರೋಕೆ ಹೋದ್ರೆ ಗಂಟೆಗಟ್ಲೆ ಮಾತಾಡ್ಕೊಂಡು ಬರೋರು ನೀವು!” ಎಂದು ನಕ್ಕಳು. ನಕ್ಕದ್ದು ಅಲ್ಲಿಗೇ ನಿಂತಿತು. ಮಗಳು ಫೋನು ಕಿತ್ತುಕೊಂಡಳು. “ಹೋಗ್ಲಿ ಬಿಡಪ್ಪ. ಸ್ಕೂಲಿಗೆ ರಜ ಬಿಟ್ಮೇಲೆ ನಾವೇ ಬರ್ತೀವಿ. ಅಮ್ಮ ಕೇಳಿದಾಳೆ, ರಜೆ ಕೊಡ್ತಾರಂತೆ.”

“ಬನ್ನಿ ಪುಟ್ಟಿ,” ಎಂದ.

ಮರುದಿನವೇ ಗೋಡೆಯ ಗ್ರಾಫುಗಳನ್ನು ಕೆರೆದು ಸುಣ್ಣ ಹೊಡೆದ. ಲೋಡರನ ಕೈಯಲ್ಲಿ ಮರದ ಪೆಟ್ಟಿಗೆ ಬಿಚ್ಚಿಸಿ, ಹಲಗೆ ಉಜ್ಜಿ, ಮಗಳಿಗೆಂದು ಮಂಚ ಮಾಡಿದ. ಅದು ಮುಗಿದ ಒಂಬತ್ತನೇ ದಿನ, ಬೆಳಗಿನ ಪಾಳಿಯಲ್ಲಿ, ನಾಲ್ಕನೇ ಕೋಣೆಯ ಎದುರು ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ.

ಶಾಲೆಯ ರಜಕ್ಕೆ ಇನ್ನೂ ಏಳು ವಾರವಿತ್ತು. ತಾಯಿ ಮಗಳು ಮೂರನೇ ದಿನ ಬಂದಿಳಿದರು. ಹುಡುಗಿ ಮೂರು ವರ್ಷದಲ್ಲಿ ತಾಯಿಯನ್ನು ಮೀರಿ ಬೆಳೆದಿದ್ದಳು. ಫೋನಿನಲ್ಲಿ ಅವನು ನೋಡುತ್ತಿದ್ದದ್ದು ಮುಖ ಮಾತ್ರ. ಆ ಮಂಚದ ಮೇಲೆ ಕಾಲು ಚಾಚಲಾಗದೆ ಅವಳು ಮುದುಡಿಕೊಂಡು ಮಲಗಿದಳು.