ರದ್ದಾದದ್ದು ಯಾವ ಖಾತೆ?

2007ರಲ್ಲಿ ನಾನು ಸಂಡೂರಿನ ಬ್ಯಾಂಕ್ ಶಾಖೆಯೊಂದರಲ್ಲಿ ಸಹಾಯಕ ವ್ಯವಸ್ಥಾಪಕನಾಗಿದ್ದೆ. ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ. ಬೆಳಗಿನ ಬಸ್ಸು ಅದಿರಿನ ಲಾರಿಗಳ ಸಾಲಿನಲ್ಲಿ ತೆವಳಿ ಸಂಡೂರು ಮುಟ್ಟುವಷ್ಟರಲ್ಲಿ ಅಂಗಿಯ ಕಾಲರು ಧೂಳಿಗೆ ಕೆಂಪಾಗಿರುತ್ತಿತ್ತು.

ಬಂಡ್ರಿ ಕಡೆಯ ಒಂದು ಹಳ್ಳಿಯವರು ನಮ್ಮಲ್ಲಿ ಧೂಳು ವಿರೋಧಿ ಹೋರಾಟ ಸಮಿತಿಯ ಹೆಸರಿನಲ್ಲಿ ಉಳಿತಾಯ ಖಾತೆ ಇಟ್ಟಿದ್ದರು. ಅಧ್ಯಕ್ಷೆ ಹನುಮಕ್ಕ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಬೀಸಿದ ಜೋಳದ ಹಿಟ್ಟಿಗೂ ಕೆಂಪು ಬಣ್ಣ ಬರುತ್ತದೆಂದೇ ಅವಳು ಸಮಿತಿ ಕಟ್ಟಿದ್ದು. ಲಾರಿಗಳು ಊರೊಳಗೆ ಬರದೆ ಹೊರಗಿನಿಂದ ಹೋಗಬೇಕು. ಅವರ ಬೇಡಿಕೆ ಅಷ್ಟೇ. ಆ ವರ್ಷ ಅವರು ಊರ ಬಾಗಿಲಿಗೆ ಒಂದು ಬೋರ್ಡು ಕಟ್ಟಿದರು: ಲಾರಿ ನಿಲ್ಲಿಸದವರಿಗೆ ಓಟು ಇಲ್ಲ.

ಕೆಲವೇ ದಿನಗಳಲ್ಲಿ ಮೇಲಿನ ಕಚೇರಿಯಿಂದ ಆ ಖಾತೆ ಮುಚ್ಚಲು ಆದೇಶ ಬಂತು. ಕಾರಣ ಬರೆದಿರಲಿಲ್ಲ. ಫೋನಿನಲ್ಲಿ ನಮ್ಮ ಮ್ಯಾನೇಜರು ‘ಹೌದು ಸರ್, ಪೊಲಿಟಿಕಲ್ ಸರ್’ ಎಂದದ್ದನ್ನು ಕೇಳಿದ್ದೇನೆ. ಗಣಿಯವರು ಹೇಳಿಸಿದರೇ? ನಾನು ಕಂಡಿಲ್ಲ, ಕಾಣದ್ದನ್ನು ಬರೆಯುವುದಿಲ್ಲ. ನಮ್ಮ ಶಾಖೆಯ ದೊಡ್ಡ ಠೇವಣಿಗಳು ಯಾರವೆಂಬುದು ಮಾತ್ರ ನನಗೆ ಗೊತ್ತಿತ್ತು.

ಮ್ಯಾನೇಜರು ಮೈಸೂರು ಕಡೆಯವರು. ಪತ್ರವನ್ನು ಶುದ್ಧ ಕನ್ನಡದಲ್ಲಿ ಬರೆಸಿದರು: ‘ಆಡಳಿತಾತ್ಮಕ ಕಾರಣಗಳಿಂದ ನಿಮ್ಮ ಸಮಿತಿಯ ಖಾತೆಯನ್ನು ರದ್ದುಪಡಿಸಲಾಗಿದೆ.’ ಸಮಿತಿಗೆ ಸ್ವಂತ ಕಚೇರಿ ಇಲ್ಲದ್ದರಿಂದ ಪತ್ರ ಊರ ಚಹಾ ಹೋಟೆಲಿನ ವಿಳಾಸಕ್ಕೆ ಹೋಯಿತು. ಅಲ್ಲಿ ಕುಳಿತಿದ್ದ ಲಾರಿ ಗುತ್ತಿಗೆದಾರನ ಮೇಸ್ತ್ರಿ ಅದನ್ನು ಒಡೆದು ಗಟ್ಟಿಯಾಗಿ ಓದಿದ.

ಆ ಹಳ್ಳಿಗಳಲ್ಲಿ ಬ್ಯಾಂಕಿನದನ್ನು ಯಾರೂ ಖಾತೆ ಎನ್ನುವುದಿಲ್ಲ. ಅದು ಅಕೌಂಟು. ಖಾತೆ ಎಂದರೆ ಹೊಲದ್ದು, ಮನೆಯದ್ದು. ಸಮಿತಿಗೆ ಸಹಿ ಹಾಕಿದವರ ಹೊಲದ ಖಾತೆ ರದ್ದಾಗಿದೆ, ಹೊಲ ಗಣಿಗೆ ಹೋಗುತ್ತದೆ ಎಂದು ಸಂಜೆಯೊಳಗೆ ಊರೆಲ್ಲ ಸುದ್ದಿ. ಮೇಸ್ತ್ರಿ ಅಲ್ಲವೆನ್ನಲಿಲ್ಲ.

ಮರುದಿನ ಹನುಮಕ್ಕ ಮ್ಯಾನೇಜರ ಮೇಜಿನ ಮುಂದೆ ನಿಂತಿದ್ದಳು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

“ಮುಚ್ಚಿದ್ರಿ, ಮುಚ್ಕೊಳ್ರಿ. ಇದು ಅಕೌಂಟು, ಹೊಲದ ಖಾತೆ ಅಲ್ಲ ಅಂತ ಒಂದ್ ಸಾಲು ಬರ್ಕೊಡ್ರಿ ಸಾಹೇಬ್ರ. ಮಂದಿ ಹೆದರಿ ಸಮಿತಿ ಬಿಟ್ಟು ಹೊಂಟಾರ.”

“ಪತ್ರದಲ್ಲಿ ತಪ್ಪೇನಿದೆಯಮ್ಮ? ಸರಿಯಾದ ಕನ್ನಡವೇ ಇದೆಯಲ್ಲ.”

“ಕನ್ನಡ ಸರಿ ಐತ್ರಿ. ಬರ್ಸಿದವರ ಬುದ್ಧಿ ನೋಡ್ಕೊಳ್ರಿ.”

ಅವಳು ಹೋದ ಮೇಲೆ, ಒಂದು ಸಾಲಲ್ಲವೇ, ಕೊಡೋಣ ಎಂದೆ. ಮ್ಯಾನೇಜರು ತಲೆಯೆತ್ತಲಿಲ್ಲ. “ಒಂದು ಸಾಲು ಕೊಟ್ಟರೆ ಎರಡನೆಯದು ಕೇಳ್ತಾರೆ. ಯಾಕೆ ಮುಚ್ಚಿದಿರಿ ಅಂತ. ಅದನ್ನು ನೀವು ಬರೀತೀರಾ?” ಹಾಗಾದರೆ ಬಾಯಿಮಾತಿನಲ್ಲಿ ಹೇಳಿ ಬರುತ್ತೇನೆ ಎಂದೆ. “ರಜಾದಿನ ನೀವು ಎಲ್ಲಿಗೆ ಹೋಗ್ತೀರೋ ನನಗೆ ಗೊತ್ತಿಲ್ಲ” ಎಂದರು.

ಭಾನುವಾರ ಹೋದೆ. ಗಿರಣಿಯ ಮುಂದೆ ಜನ ಸೇರಿದ್ದರು.

“ಓಹೋ, ಬ್ಯಾಂಕೇ ಊರಿಗೆ ಬಂತಲೇ! ಚಾ ಕುಡಸ್ರಿ, ಇಲ್ಲಾಂದ್ರ ನಿಮ್ಮನ್ನೂ ರದ್ದು ಮಾಡ್ಯಾರು” ಎಂದ ಮೇಸ್ತ್ರಿ. ನಗೆ ಎದ್ದಿತು. ಹನುಮಕ್ಕ ಅವನಿಗೆ, “ನಿನ್ನ ನಾಲಿಗಿ ಗಿರಣ್ಯಾಗ ಹಾಕ್ತೀನಿ, ಸುಮ್ಕಿರು” ಎಂದಳು.

ನಾನು ನಿಧಾನವಾಗಿ ಹೇಳಿದೆ. ರದ್ದಾದದ್ದು ಸಮಿತಿಯ ಅಕೌಂಟು ಮಾತ್ರ. ಬ್ಯಾಂಕಿಗೆ ಹೊಲದ ಖಾತೆ ಮುಟ್ಟುವ ಅಧಿಕಾರವೇ ಇಲ್ಲ. ಅದು ಕಂದಾಯ ಇಲಾಖೆಯ ಕೆಲಸ. ಜನ ತಲೆಯಾಡಿಸಿದರು. ನನಗೂ ಸಮಾಧಾನವಾಯಿತು.

ಆಗ ಸಮಿತಿಗೆ ಸಹಿ ಹಾಕಿದ್ದ ಒಬ್ಬ ಹಿರಿಯ ರೈತ ಕೇಳಿದ: “ಆತ್ರಿ. ಈಕಿ ಏನರ ಕಳುವು ಮಾಡ್ಯಾಳೇನ್ರಿ?”

“ಇಲ್ಲ.”

“ಲೆಕ್ಕ ತಪ್ಪೇತೇನು?”

“ಇಲ್ಲ.”

“ಮತ್ತ್ಯಾಕ ಮುಚ್ಚಿದ್ರಿ?”

ಫೋನಿನಲ್ಲಿ ಕೇಳಿದ ಒಂದು ಶಬ್ದವನ್ನು ಕಾರಣವೆಂದು ಹೇಳುವುದು ಹೇಗೆ? “ನನಗೆ ಗೊತ್ತಿಲ್ಲ, ಮೇಲಿನವರ ಆದೇಶ” ಎಂದೆ. ಅದು ನಿಜವೇ ಆಗಿತ್ತು.

“ತಪ್ಪಿಲ್ದನ ಇದನ್ನ ಮುಚ್ಚ್ಯಾರ. ಯಾಕಂತ ನಿಮಗ ಗೊತ್ತಿಲ್ಲ. ನಾಳೆ ಹಂಗ ಮೇಲಿನವ್ರು ನಮ್ಮ ಹೊಲದ ಖಾತೆ ಮುಚ್ಚಿದ್ರ, ಆಗ್ಲೂ ನೀವು ಭಾನುವಾರ ಬಂದು ಗೊತ್ತಿಲ್ಲ ಅಂತೀರಿ. ಅಲ್ರೀ?”

ಅವನು ಹನುಮಕ್ಕನತ್ತ ತಿರುಗಿ, “ತಂಗಿ, ನನ್ನ ಹೆಸರು ಹೊಡದ್ಹಾಕು” ಎಂದ. ಅವನ ಹಿಂದೆ ಇನ್ನೊಬ್ಬ. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಹನುಮಕ್ಕ ಯಾರನ್ನೂ ತಡೆಯಲಿಲ್ಲ.

ಬಸ್ಸಿನವರೆಗೆ ಅವಳೇ ಬಂದಳು. “ನೀವು ಬರದಿದ್ರ ಛಲೋ ಇತ್ರಿ ಸರ್. ನಿನ್ನೆ ತನಕ ಮಂದಿಗೆ ಅನುಮಾನ ಇತ್ತು. ಈಗ ಖಾತ್ರಿ ಆತು.”

ಬ್ಯಾಂಕ್ ತರಬೇತಿಯಲ್ಲಿ ನಮಗೆ ಕಲಿಸಿದ್ದರು: ಕಾರಣ ಹೇಳದಿದ್ದರೆ ಬ್ಯಾಂಕು ಯಾರ ಪಕ್ಷವನ್ನೂ ವಹಿಸಿದಂತಾಗುವುದಿಲ್ಲ. ಅದನ್ನು ನಾನು ಬಹಳ ವರ್ಷ ನಂಬಿದ್ದೆ. ಕಾರಣ ಹೇಳಿದ್ದರೆ ಆ ಹೆಂಗಸು ಅದರೊಂದಿಗೆ ಜಗಳವಾಡಬಹುದಿತ್ತು, ಕೋರ್ಟಿಗೆ ಒಯ್ಯಬಹುದಿತ್ತು, ಸುಳ್ಳೆಂದು ತೋರಿಸಬಹುದಿತ್ತು. ನಮ್ಮ ಮೌನದೊಂದಿಗೆ ಹೋರಾಡಲು ಅವಳಿಗೆ ಏನೂ ಇರಲಿಲ್ಲ. ಮೇಸ್ತ್ರಿ ಮಾತ್ರ ಅದರಲ್ಲಿ ತನಗೆ ಬೇಕಾದ ಅರ್ಥ ತುಂಬಬಹುದಿತ್ತು. ಮರುವಾರ ಆ ಊರಿನ ಬೋರ್ಡು ಇಳಿಯಿತು. ಲಾರಿಗಳು ಊರೊಳಗಿಂದಲೇ ಓಡಾಡಿದವು.