ಆಯುಧಪೂಜೆಗೆ ತೊಳೆದ ಬ್ರಷ್ಷುಗಳು

ಬದನಗುಪ್ಪೆಯಲ್ಲಿ ತರಕಾರಿ ಹೆಚ್ಚಿ ಪ್ಯಾಕ್ ಮಾಡುವ ಒಂದು ಘಟಕದಲ್ಲಿ ನಾನು ಸ್ವಚ್ಛತೆಯ ಮೇಲ್ವಿಚಾರಕನಾಗಿದ್ದೆ. ಗುಂಡ್ಲುಪೇಟೆಯಿಂದ ದಿನವೂ ಬಸ್ಸಿನಲ್ಲಿ ಬಂದು ನಾನು ಮಾಡುತ್ತಿದ್ದ ಘನಕಾರ್ಯ ಒಂದೇ. ಕೆಂಪು ಬಕೆಟ್ಟು, ಕೆಂಪು ಬ್ರಷ್ಷು ಶೌಚಾಲಯಕ್ಕೆ, ಹಸಿರು ಬಣ್ಣದವು ತರಕಾರಿ ಹೆಚ್ಚುವ ಮೇಜಿಗೆ, ಒಂದು ಇನ್ನೊಂದಕ್ಕೆ ಸೋಕಬಾರದು ಎಂದು ಬಾಯಿ ಒಣಗುವವರೆಗೆ ಹೇಳುವುದು. ಅಲ್ಲಿನ ಕೊಳೆ ಇಲ್ಲಿನ ಟೊಮೆಟೊಗೆ ಹತ್ತಿದರೆ ತಿನ್ನುವವರ ಗತಿಯೇನು?

ನನ್ನ ಕೈಕೆಳಗೆ ಉಡಿಗಾಲದ ಒಬ್ಬ ಹೆಂಗಸಿದ್ದರು. ಕೆಲಸದಲ್ಲಿ ಚುರುಕು, ವಾದದಲ್ಲಿ ಇನ್ನೂ ಚುರುಕು. "ಕೆಂಪು ಕುಂಕುಮದ ಬಣ್ಣ ಕಣ್ ಸಾ, ಅದ್ನ ತಕೊಂಡೋಗಿ ಕಕ್ಕಸ್ಗೆ ಮಡಗದಾ?" ಎಂದು ತಿಂಗಳುಗಟ್ಟಲೆ ನನ್ನ ತಲೆ ತಿಂದರು. ಒಪ್ಪಿದ ಮೇಲೆ ಮಾತ್ರ ಒಂದು ದಿನವೂ ತಪ್ಪಲಿಲ್ಲ. ಅದಕ್ಕೇ ಅವರನ್ನು ಹೆಚ್ಚುವ ಕೋಣೆಗೆ ಹಾಕಿಸಿದ್ದೆ. ಹಸಿರು ಏಪ್ರನ್ ಕಟ್ಟಿಕೊಂಡು ಓಡಾಡುವುದು ಅವರಿಗೆ ಹೆಮ್ಮೆ. ಬಣ್ಣ ಬೆರೆಸಿ ತಪ್ಪಿದವರಿಗೆ ಮುಂದೆ ಶೌಚಾಲಯ ತೊಳೆಯುವ ಕೆಲಸವೇ ಎಂಬ ನಿಯಮವೂ ಅವರಿಗೆ ಗೊತ್ತಿತ್ತು.

ಆಯುಧಪೂಜೆಯ ಹಿಂದಿನ ಸಂಜೆ ನನಗೆ ಬಸ್ಸಿನ ಅವಸರ. ನಾಳೆ ಪೂಜೆ, ಎಲ್ಲ ಸಾಮಾನೂ ತೊಳೆದು ಒಂದು ಕಡೆ ಇಟ್ಟುಬಿಡಿ ಎಂದು ಅವರಿಗೆ ಹೇಳಿ ಓಡಿದೆ. ಬೆಳಿಗ್ಗೆ ಬಂದು ನೋಡಿದರೆ ಕೆಂಪು, ಹಸಿರು ಬ್ರಷ್ಷುಗಳೆಲ್ಲ ಒಂದಕ್ಕೊಂದು ಒರಗಿ ಕುಳಿತಿದ್ದವು. ಎಲ್ಲಕ್ಕೂ ವಿಭೂತಿ, ಕುಂಕುಮ, ಒಂದೇ ಸೇವಂತಿಗೆ ಹಾರ. ಅವನ್ನು ಒಟ್ಟಿಗೆ ನೆನೆಸಿ ಉಜ್ಜಿದ ಟಬ್ಬಿನ ನೀರು ಇನ್ನೂ ಪಕ್ಕದಲ್ಲೇ ಇತ್ತು. ಮನೆಯಲ್ಲಿ ಕುಡುಗೋಲು, ಗುದ್ದಲಿಗಳನ್ನೆಲ್ಲ ಒಟ್ಟಿಗೇ ತೊಳೆದು ಪೂಜೆಗಿಡುವವರು ಅವರು. ಹಬ್ಬದ ದಿನ ಆಯುಧಗಳಲ್ಲಿ ಎಂಥ ಭೇದ?

ಮ್ಯಾನೇಜರು ಬಂದು ಕೆಂಡವಾದರು. ಯಾರ ಕೆಲಸ ಇದು ಎಂದರು. ಆಕೆ ನನ್ನ ಮುಖ ನೋಡಿದರು.

"ಎಲ್ಲಾನೂ ತೊಳ್ದು ಒಂದ್ಕಡೆ ಮಡುಗ್ಬುಡಿ ಅಂತ ನೀವೇ ಅಂದ್ರಲ್ಲ ಸಾ."

ಬಣ್ಣ ಬೇರೆ ಮಾಡಿ ತೊಳೆಯಬೇಕೆಂಬುದನ್ನೂ ಹೊಸದಾಗಿ ಹೇಳಿಕೊಡಬೇಕೇ ಎಂದು ನಾನು ಎಲ್ಲರ ಮುಂದೆ ರೇಗಿದೆ. ಮ್ಯಾನೇಜರಿಗೆ ಅಷ್ಟೇ ಸಾಕಾಯಿತು. ಬ್ರಷ್ಷುಗಳನ್ನು ಹಾರದ ಸಮೇತ ಕಸಕ್ಕೆ ಹಾಕಿಸಿದರು.

ಹೌದು, ನಾನೇ ಹೇಳಿದ್ದೆ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಈಗಲೂ ನೆನೆದರೆ ನನ್ನ ಮೇಲೇ ಮೈ ಉರಿಯುತ್ತದೆ.

ಹಬ್ಬದ ರಜೆ ಮುಗಿಸಿ ಬಂದ ದಿನ ಆಕೆ ಹಸಿರು ಏಪ್ರನ್ನನ್ನು ಒಗೆದು ಮಡಿಚಿ ನನ್ನ ಮೇಜಿನ ಮೇಲಿಟ್ಟರು. ಯಾರೂ ಹೇಳುವ ಮೊದಲೇ ಕೆಂಪು ಬಕೆಟ್ಟು ಎತ್ತಿಕೊಂಡು ಶೌಚಾಲಯದ ಕಡೆ ನಡೆದರು. ಕುಂಕುಮದ ಮಾತು ಎತ್ತಲೇ ಇಲ್ಲ.